ಬೆನ್ನ ಮೇಲಿನ ಮೂರು ಎಲೆ

ಮೂವತ್ತೆರಡು ವರ್ಷ ಹಿಸಾಯೊ ಬೇರೆಯವರ ಮನೆತನಗಳನ್ನು ಒಗೆದಳು. ಟೋಕಿಯೋದ ಮಿಕವಾಶಿಮಾದಲ್ಲಿ, ರೈಲುಹಳಿಗೆ ಬೆನ್ನು ಹಾಕಿ ನಿಂತ ಒಂದು ಸಣ್ಣ ಅಂಗಡಿ ಅದು. ಬಂದ ಕಿಮೊನೊಗಳ ಹೊಲಿಗೆ ಬಿಚ್ಚಿ, ತೊಳೆದು, ಗಂಜಿ ಹಾಕಿ, ಹಲಗೆಯ ಮೇಲೆ ಎಳೆದು ಒಣಗಿಸಿ, ಮತ್ತೆ ಹೊಲಿದು ಕೊಡುವುದು ಅವಳ ಕೆಲಸ. ಒಳ್ಳೆಯ ಕಿಮೊನೊ ಎಂದರೆ ಬೆನ್ನಿನ ನಡುವೆ, ಕತ್ತಿನ ಕೆಳಗೆ, ಹತ್ತು ಯೆನ್ ನಾಣ್ಯದಷ್ಟಗಲದ, ಮನೆತನದ ಗುರುತಿನ ಬಿಳಿ ಮುದ್ರೆ ಇರಲೇಬೇಕು. ಪೈನ್ ಮರದ ಮುದ್ರೆಯವರು ದೀರ್ಘಾಯುಷ್ಯ ಬೇಡಿದ ಮನೆಯವರು. ಪ್ಲಮ್ ಹೂವಿನವರು, ಚಳಿ ಮುಗಿಯುವ ಮೊದಲೇ ಅರಳುತ್ತೇವೆ ಎಂದು ಜಂಬ ಕೊಚ್ಚುವವರು. ಸೀಡರ್ ಮರದವರು ಎಂದೋ ಯಾವುದೋ ದೇವಸ್ಥಾನದ ಅರ್ಚಕರಾಗಿದ್ದವರು. ಬೆವರಿನ ಕಲೆ ತೆಗೆಯುತ್ತಾ ತೆಗೆಯುತ್ತಾ ಹಿಸಾಯೊ ಇವರನ್ನೆಲ್ಲ ಬೆನ್ನಿನಿಂದಲೇ ಗುರುತು ಹಿಡಿಯುವುದನ್ನು ಕಲಿತಿದ್ದಳು.

ಅವಳಿಗೆ ಮಾತ್ರ ಮುದ್ರೆಯಿರಲಿಲ್ಲ. ಅವಳು ಬೆಳೆದದ್ದು ಅನಾಥಾಲಯದಲ್ಲಿ. ತಡೊಕೊರೊ ಎಂಬ ಅಡ್ಡಹೆಸರನ್ನೂ ನಗರಸಭೆಯ ಗುಮಾಸ್ತನೊಬ್ಬ ಊಟಕ್ಕೆ ಏಳುವ ಮುಂಚೆ ಬರೆದುಕೊಟ್ಟಿದ್ದನಂತೆ. ಇಪ್ಪತ್ತು ತುಂಬಿದ ವರ್ಷ ಬಾಡಿಗೆಗೆ ತಂದು ಉಟ್ಟ ಕಿಮೊನೊದ ಬೆನ್ನ ಮೇಲೆ ಕಿರಿ ಎಂಬ ಅಗಲ ಎಲೆಯ ಮರದ ಮುದ್ರೆ ಇತ್ತು. ಬಾಡಿಗೆ ಕಿಮೊನೊಗಳ ಮೇಲೆಲ್ಲ ಇರುವುದು ಅದೇ; ಕಿರಿಯನ್ನು ಯಾರು ಉಟ್ಟರೂ ಯಾಕೆಂದು ಕೇಳುವವರಿಲ್ಲ. ಯಾರ ಮನೆಯವರೂ ಅಲ್ಲದವರ ಮರ ಅದು ಎಂದು ಅವಳು ಅಂದೇ ತೀರ್ಮಾನಿಸಿಬಿಟ್ಟಳು. ಆಮೇಲೆ ಆ ಮರದ ಮುದ್ರೆ ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಅವಳ ಕೋಣೆಯ ಮೇಲಿನ ಕೋಣೆಯಲ್ಲಿದ್ದ ತೊಕಿಕೊಗೆ ಮನೆತನವಿತ್ತು, ಅವಳಿಗದು ಬೇಡವಾಗಿತ್ತು. ಹೊಟ್ಟೆ ಉರಿಯಲು ಇಷ್ಟು ಸಾಲದೇ? ಕ್ಯೋಟೋದ ನಿಶಿಜಿನ್ ಕೇರಿಯಲ್ಲಿ ನೂಲು ಮಾರುವ ಮೊಜುಮೆ ಎಂಬ ಹಳೆಯ ಮನೆಯ ಒಬ್ಬಳೇ ಮಗಳು ಅವಳು. ಹತ್ತೊಂಬತ್ತರಲ್ಲಿ ಬಾಚಣಿಗೆ ಮಾರುವವನೊಬ್ಬನ ಹಿಂದೆ ಓಡಿಬಂದಳು; ನಾಲ್ಕು ವರ್ಷಕ್ಕೆ ಅವನೂ ಮದುವೆಯಾಗದೆಯೇ ಕೈಬಿಟ್ಟ. ಅಪ್ಪ ಹುಡುಕಿಸಿ ಎಳೆದೊಯ್ದಾನೆಂಬ ಹೆದರಿಕೆಗೆ ಟೋಕಿಯೋದಲ್ಲಿ ತನ್ನ ವಿಳಾಸವನ್ನು ಎಲ್ಲೂ ದಾಖಲು ಮಾಡಿಸಲಿಲ್ಲ. ಅಪ್ಪ ತೀರಿಕೊಂಡಮೇಲೆ ನಾಚಿಕೆ ಅಡ್ಡ ಬಂತು. ಹೀಗೆ ತೋಫು ಅಂಗಡಿಯೊಂದರಲ್ಲಿ ದುಡಿಯುತ್ತಾ, ಮನೆ ಬಿಟ್ಟು ನಲವತ್ತು ವರ್ಷ ಕಳೆದುಹೋಯಿತು.

ಭಾನುವಾರಗಳಂದು ಇಬ್ಬರೂ ಹಿಸಾಯೊಳ ಕೋಣೆಯಲ್ಲಿ ಕಾಲಿಗೆ ರಜಾಯಿ ಎಳೆದುಕೊಂಡು ಕಿತ್ತಳೆ ಸುಲಿಯುತ್ತಾ ಕೂರುತ್ತಿದ್ದರು.

"ಅಂಗಡಿ ಪರದೆ ಮೇಲೂ ಕಶಿವಾ, ಹೆಂಚಿನ ಮೇಲೂ ಕಶಿವಾ, ಗೋರಿ ಮೇಲೂ ಅದೇ ಕಣೇ," ಎನ್ನುತ್ತಿದ್ದಳು ತೊಕಿಕೊ. "ಮೂರು ಓಕ್ ಎಲೆ. ನೋಡೀ ನೋಡೀ ಸಾಕಾಗಿಹೋಗಿತ್ತು."

"ಅದೇ ಮರ ಯಾಕೆ?"

"ಚಳಿಗಾಲದಲ್ಲಿ ಅದರ ಎಲೆ ಒಣಗುತ್ತೆ, ಆದ್ರೆ ಉದುರಲ್ಲ. ಹೊಸ ಚಿಗುರು ಬರೋವರೆಗೂ ಕೊಂಬೇನ ಹಿಡ್ಕೊಂಡೇ ಇರುತ್ತೆ. ವಂಶ ನಡುವೆ ಮುರಿಯಲ್ಲ ಅಂತ ಅಪ್ಪಂಗೆ ಭಾರೀ ಹೆಮ್ಮೆ. ನಾನೊಬ್ಳು ನೋಡು, ಹಸಿರಾಗಿದ್ದಾಗ್ಲೇ ಉದುರಿಬಿಟ್ಟೆ!" ತೊಕಿಕೊ ನಕ್ಕಳು.

"ನಿಂಗೆ ಉದುರೋಕೆ ಒಂದು ಮರನಾದ್ರೂ ಇತ್ತಲ್ಲ," ಎಂದಳು ಹಿಸಾಯೊ.

ತೊಕಿಕೊ ನಗು ನಿಲ್ಲಿಸಿ, ಸುಲಿದ ಹಣ್ಣಿನ ಅರ್ಧವನ್ನು ಅವಳ ಮುಂದಿಟ್ಟಳು. ಕ್ಷಮೆ ಕೇಳುವುದಕ್ಕೆ ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಹನ್ನೊಂದು ವರ್ಷ ಹೀಗೆ ನಡೆಯಿತು. ಆ ವರ್ಷದ ಏಪ್ರಿಲ್‌ನಲ್ಲಿ ತೊಕಿಕೊ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದಳು. ವಿಳಾಸವೇ ಇಲ್ಲದವಳಿಗೆ ಆರೋಗ್ಯ ವಿಮೆ ಎಲ್ಲಿಂದ ಬರಬೇಕು? ಹಿಸಾಯೊ ತನ್ನ ಕಾರ್ಡನ್ನೇ ಅವಳ ಕೈಗಿಟ್ಟಳು. ಆ ಕಾಲದ ಕಾರ್ಡಿನ ಮೇಲೆ ಫೋಟೋ ಇರುತ್ತಿರಲಿಲ್ಲ, ಇಬ್ಬರ ವಯಸ್ಸಿನಲ್ಲಿ ಎರಡೇ ವರ್ಷದ ಅಂತರ. ಆಸ್ಪತ್ರೆಯ ಹಾಸಿಗೆಗೆ 'ತಡೊಕೊರೊ ಹಿಸಾಯೊ' ಎಂಬ ಚೀಟಿ ಬಿತ್ತು. ಅದು ತಪ್ಪೆಂದು ಇಬ್ಬರಿಗೂ ಗೊತ್ತಿತ್ತು, ಆದರೆ ಅಂದು ಅದರಲ್ಲಿ ದಯೆಯಲ್ಲದೆ ಬೇರೇನೂ ಇರಲಿಲ್ಲ. ಈ ಒಂದು ಮಾತನ್ನು ಹಿಸಾಯೊಳ ಪರವಾಗಿ ಹೇಳಲೇಬೇಕು.

ಮೂರನೆಯ ದಿನ ತೊಕಿಕೊ ಒಂದು ಕಾಗದ ಬರೆದು ಕೊಟ್ಟಳು. "ಅಮ್ಮಂಗೆ. ಪೋಸ್ಟ್ ಮಾಡ್ತೀಯಾ?"

ಹಿಸಾಯೊ ಅದನ್ನು ಮನೆಗೆ ತಂದು, ಕೆಟಲಿನ ಹಬೆಗೆ ಹಿಡಿದು ಬಿಡಿಸಿ ಓದಿದಳು. ನಾಲ್ಕೇ ಸಾಲು. ಅಮ್ಮಾ, ಇದ್ದೀಯಾ? ತಪ್ಪಾಯಿತು. ಈ ಸಲ ಅಪ್ಪನ ಮೂವತ್ತಮೂರನೆಯ ವರ್ಷದ ಕರ್ಮ ಅಲ್ಲವೇ, ನಾನು ಬರಬಹುದೇ? ಕಾಯಿಲೆಯ ಮಾತಿಲ್ಲ, ತಾರೀಕೂ ಇಲ್ಲ. 'ಬರಬಹುದೇ' ಎಂದು ಕೇಳಲು ತನಗೆ ಈ ಭೂಮಿಯ ಮೇಲೆ ಒಂದು ಬಾಗಿಲೂ ಇಲ್ಲವಲ್ಲ ಎಂದು ಅವಳಿಗೆ ದುಃಖವಾಯಿತು. ಕಾಗದವನ್ನು ಮತ್ತೆ ಅಂಟಿಸಿದಳು, ಆದರೆ ಪೋಸ್ಟ್ ಮಾಡಲಿಲ್ಲ.

"ಉತ್ತರ ಬಂತಾ?" ಎಂದು ತೊಕಿಕೊ ದಿನವೂ ಕೇಳುತ್ತಿದ್ದಳು.

"ಇನ್ನೂ ಇಲ್ಲ ಕಣೇ. ವಯಸ್ಸಾದವ್ರು, ನಿಧಾನಕ್ಕೆ ಬರೀತಾರೆ."

ಹತ್ತೊಂಬತ್ತನೆಯ ದಿನ ತೊಕಿಕೊ ತೀರಿಕೊಂಡಳು. ವೈದ್ಯರು ಮರಣಪತ್ರದಲ್ಲಿ ತಡೊಕೊರೊ ಹಿಸಾಯೊ ಎಂದು ಬರೆದರು. ಹಿಸಾಯೊ ಮಾಡಬೇಕಾದದ್ದು ಇಷ್ಟೇ: ಬಾಯಿ ಬಿಡದಿರುವುದು. ಬಂಧುಗಳಿಲ್ಲದ ಹೆಂಗಸು ತಡೊಕೊರೊ. ನೆರೆಮನೆಯ ಮೊಜುಮೆ ತೊಕಿಕೊ ಎಂದು ಸಹಿ ಹಾಕಿ, ತನ್ನ ಸಾವನ್ನು ತಾನೇ ವಾರ್ಡ್ ಕಚೇರಿಯಲ್ಲಿ ಬರೆಸಿಬಂದಳು. ಕಿಟಕಿಯ ಹಿಂದಿದ್ದ ಹುಡುಗಿ "ಪಾಪ" ಎಂದಳು. ಹಿಸಾಯೊಳಿಗಾಗಿ ಯಾರಾದರೂ ಪಾಪ ಅಂದದ್ದು ಅದೇ ಮೊದಲು. ಬೂದಿ ವಾರಸುದಾರರಿಲ್ಲದವರ ಸಾರ್ವಜನಿಕ ಗೋರಿಗೆ ಹೋಯಿತು.

ಆಮೇಲಿನದು ಕೆಲಸ. ಕೆಲಸದಲ್ಲಿ ಹಿಸಾಯೊಳನ್ನು ಮೀರಿಸುವವರು ಕಡಿಮೆ.

ಮೊದಲು ಕೈ. ತೊಕಿಕೊಗೆ ಎಡಗೈ ಮಣಿಕಟ್ಟಿನ ಒಳಗೆ ಹುಣಸೆಬೀಜದಷ್ಟು ಸುಟ್ಟಗಾಯದ ಕಲೆ ಇತ್ತು, ಐದು ವರ್ಷದವಳಿದ್ದಾಗ ಅಮ್ಮನ ಕೆಂಡದ ಕುಂಡಕ್ಕೆ ಕೈಯಿಟ್ಟದ್ದು. ಹಿಸಾಯೊ ಹೊಲಿಗೆಯಂಚು ಒತ್ತುವ ಸಣ್ಣ ಇಸ್ತ್ರಿಕಡ್ಡಿಯನ್ನು ಕಾಯಿಸಿ, ಬಾಯಿಗೆ ಬಟ್ಟೆ ಕಚ್ಚಿ, ಸರಿಯಾದ ಜಾಗದಲ್ಲಿ ಎರಡು ಉಸಿರು ಒತ್ತಿಹಿಡಿದಳು. ಅಪ್ಪನ ಕರ್ಮ ಬರುವ ನವೆಂಬರ್ ಹೊತ್ತಿಗೆ ಅದು ಮಾಸಿ ಹಳೆಯದಾಗುತ್ತದೆ ಎಂದು ಲೆಕ್ಕ ಹಾಕಿದ್ದಳು. ಹಾಗೇ ಆಯಿತು.

ಆಮೇಲೆ ನೆನಪು. ಮನೆಯ ಬಾವಿ ಯಾವ ಮೂಲೆ, ಅಮ್ಮ ಯಾವ ಹಾಡಿಗೆ ಅಳುತ್ತಿದ್ದರು, ಪಕ್ಕದ ಮನೆಯ ನಾಯಿಯ ಹೆಸರೇನು, ಹೊಸವರ್ಷದ ಸಾರಿಗೆ ಬಿಳಿ ಮಿಸೋ ಹಾಕುತ್ತಿದ್ದರೋ ಕೆಂಪೋ, ಎಲ್ಲವೂ ಹನ್ನೊಂದು ವರ್ಷದ ಭಾನುವಾರಗಳಲ್ಲಿ ಅವಳ ತಲೆಗೆ ಇಳಿದಿತ್ತು. ಮರೆತದ್ದಿದ್ದರೆ ನಲವತ್ತು ವರ್ಷದ ಮರೆವು ಅನ್ನಬಹುದು. ಮಾತಿನ ಧಾಟಿ ಸ್ವಲ್ಪ ಟೋಕಿಯೋದ್ದಾದರೆ ಅದೂ ಸಹಜವೇ. ಮುಖ? ಹತ್ತೊಂಬತ್ತರ ಮುಖ ಐವತ್ತೊಂಬತ್ತರಲ್ಲಿ ಯಾರಿಗೆ ಉಳಿದಿರುತ್ತದೆ?

ಅವರಿದ್ದ ಮರದ ಕಟ್ಟಡವನ್ನು ಆಗಸ್ಟಿನಲ್ಲಿ ಕೆಡವುವುದಿತ್ತು. ಉಳಿದಿದ್ದ ಬಾಡಿಗೆದಾರರು ಅವರಿಬ್ಬರೇ. ಒಗೆಯುವ ಅಂಗಡಿಯೂ ಯಜಮಾನ ಹೋದಮೇಲೆ ಬಾಗಿಲು ಹಾಕುತ್ತಿತ್ತು. ಹಿಸಾಯೊಳನ್ನು ಹುಡುಕಿಕೊಂಡು ಬರುವವರು ಯಾರೂ ಇರಲಿಲ್ಲ. ಸಾಮಾನ್ಯವಾಗಿ ಇಂಥ ಯೋಜನೆಗಳಲ್ಲಿ ಅತಿ ಕಷ್ಟದ ಭಾಗ ಇದೇ. ಅವಳಿಗೆ ಅದು ಹುಟ್ಟಿನಿಂದಲೇ ಸಿದ್ಧವಾಗಿತ್ತು.

ಸತ್ತವರಿಗೆ ಸಲ್ಲಬೇಕಾದ ನಲವತ್ತೊಂಬತ್ತು ದಿನ ಕಾದು, ದಿನವೂ ಒಂದು ಊದುಬತ್ತಿ ಹಚ್ಚಿ, ಐವತ್ತನೆಯ ದಿನ ಅವಳು ಆ ಕಾಗದವನ್ನು ಪೆಟ್ಟಿಗೆಗೆ ಹಾಕಿದಳು. ಕೈಬರಹದ ಬಗ್ಗೆ ಅನುಮಾನ ಪಡಲು ಯಾರಿಗೂ ಸಾಧ್ಯವಿರಲಿಲ್ಲ, ಬರೆದವಳು ಮಗಳೇ ತಾನೇ. ಆರು ದಿನಕ್ಕೆ ಉತ್ತರ ಬಂತು. 'ಬಾ. ನಾನಿನ್ನೂ ಇದ್ದೇನೆ. ಅಮ್ಮ.' ಓದಿ ಹಿಸಾಯೊ ಅತ್ತಳು, ನಿಜವಾಗಿಯೇ ಅತ್ತಳು. ತನಗೆ ಯಾರೋ ಬಾ ಎಂದಿದ್ದಾರೆ ಎಂಬುದರಲ್ಲಿ ಅವಳು ಅಷ್ಟು ಮುಳುಗಿಹೋಗಿದ್ದಳು. ಮನೆ, ಅಂಗಡಿ, ಅವೆಲ್ಲ ತನಗೆ ಲೆಕ್ಕಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟಾಗಿಯೂ ಆ ಮನೆಯಲ್ಲಿ ತನ್ನ ಕೋಣೆ ಯಾವುದು, ಎದ್ದಾಗ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನೂ ಆಗಲೇ ಯೋಚಿಸಿಟ್ಟಿದ್ದಳು. ಹೊಸ ಬಾಡಿಗೆ ಕೋಣೆಯಿಂದ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಇಬ್ಬರೂ ಹೆಚ್ಚು ಅತ್ತು ಕಡಿಮೆ ಮಾತಾಡಿದರು. ಅದೂ ಅನುಕೂಲವೇ ಆಯಿತು.

ಉಳಿದದ್ದು ಉಡುಗೆ. ಮೂವತ್ತಮೂರನೆಯ ವರ್ಷದ ಕರ್ಮಕ್ಕೆ ಕಡುಗಪ್ಪು ಉಡುವುದು ಅತಿಯಾಗುತ್ತದೆ. ಬೂದುಬಣ್ಣದ ಸಾದಾ ರೇಷ್ಮೆ, ಬೆನ್ನ ಮೇಲೆ ಒಂದೇ ಮುದ್ರೆ, ಕಪ್ಪು ನಡುಪಟ್ಟಿ. ಇಂಥ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಪ್ಪು ಸ್ಕರ್ಟು, ಕೋಟು ಹಾಕಿಕೊಂಡು ಹೋದರೂ ನಡೆಯುತ್ತಿತ್ತು. ಬಾಡಿಗೆಗೆ ತಂದರೂ ನಡೆಯುತ್ತಿತ್ತು, ಆದರೆ ಅದರ ಬೆನ್ನ ಮೇಲೆ ಕಿರಿ ಮರ ಇರುತ್ತದೆ. ಮತ್ತೆ ಕಿರಿಯೇ? ಇಷ್ಟೆಲ್ಲ ಮಾಡಿದ್ದು ಇನ್ನೊಮ್ಮೆ ಆ ಮರ ಹೊರಲಿಕ್ಕಲ್ಲ. ಮದುವೆಯಾಗದ ಮಗಳ ಬೆನ್ನ ಮೇಲೆ ಅಪ್ಪನ ಮನೆಯ ಮುದ್ರೆ ಇರಬೇಕು. ಮೂವತ್ತೆರಡು ವರ್ಷ ಒಗೆದವಳಿಗೆ ಅದು ಬೆರಳ ತುದಿಯ ಪಾಠ. ಸೇರಿಸಿಟ್ಟಿದ್ದರಲ್ಲಿ ಬಹುಪಾಲು ಹಾಕಿ ರೇಷ್ಮೆ ಕೊಂಡು, ಹಳೆಯ ಪರಿಚಯದ ಮುದ್ರೆ ಬರೆಯುವ ಮುದುಕನ ಹತ್ತಿರ ಹೋದಳು.

"ಮೂರೆಲೆ ಕಶಿವಾನಾ?" ಎಂದ ಮುದುಕ, ಕನ್ನಡಕದ ಮೇಲಿಂದ ನೋಡಿ. "ಯಾರದಮ್ಮ?"

"ನಂದು."

"ಓಹೋ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ವಂಶಾನ, ಗಂಜಿ ಪಾತ್ರೆ ಒಳಗಾ? ಯಾವೂರಿನ ಮನೆ?"

"ಇಲ್ಲೀದೇ," ಎಂದಳು ಹಿಸಾಯೊ. ಬೇಕಿಲ್ಲದವರಿಗೆ ಊರಿನ ಸುಳಿವು ಕೊಡುವಷ್ಟು ಪೆದ್ದಿಯಲ್ಲ ಅವಳು.

ಮುದುಕ ಇನ್ನೇನೂ ಕೇಳದೆ ಬರೆದುಕೊಟ್ಟ. ಎಲೆಯ ನರಗಳು ಕೂದಲೆಳೆಯಷ್ಟು ಸಣ್ಣಗೆ ಮೂಡಿದ್ದವು. ಆ ರಾತ್ರಿ ಅವಳು ಎರಡು ಕನ್ನಡಿಗಳ ನಡುವೆ ನಿಂತು ತನ್ನ ಬೆನ್ನನ್ನು ತಾನೇ ನೋಡಿಕೊಂಡಳು.

ನವೆಂಬರ್ ಹದಿನಾಲ್ಕರಂದು ಅವಳು ನಿಶಿಜಿನ್‌ನ ಆ ಮನೆಯ ಮುಂದೆ ನಿಂತಾಗ ಪರದೆಯ ಮೇಲೆ, ಹೆಂಚಿನ ಮೇಲೆ ಎಲ್ಲ ಕಡೆ ಮೂರೆಲೆ ಇತ್ತು. ಹೊಸ್ತಿಲ ಒಳಗೆ ತೊಕಿಕೊಳ ತಾಯಿ ಚಿಸೆ ಕೋಲು ಹಿಡಿದು ನಿಂತಿದ್ದಳು. ಎಂಬತ್ತನಾಲ್ಕು ವರ್ಷದ ಮುದುಕಿ, ತೊಕಿಕೊಳ ಹಾಗೇ ಚೂಪು ಗದ್ದ. ಅವಳು ಏನೂ ಕೇಳದೆ ಹಿಸಾಯೊಳ ಎಡಗೈ ಹಿಡಿದು ಮಣಿಕಟ್ಟನ್ನು ತಿರುಗಿಸಿ ನೋಡಿದಳು, ಹೆಬ್ಬೆರಳಿನಿಂದ ಕಲೆಯನ್ನು ಸವರಿದಳು.

"ಇನ್ನೂ ಇದೆಯಲ್ಲೇ ಇದು," ಎಂದಳು. "ನೋವಾಗುತ್ತಾ?"

"ಇಲ್ಲಮ್ಮ."

"ಚಳೀಲಿ ಬಂದಿದೀಯ. ಕೋಟು ತೆಗೀಬೇಡ, ಮೊದಲು ಟೀ ಕುಡಿ. ಎಷ್ಟು ಸಣ್ಣಗಾಗಿದೀಯೇ ನೀನು, ಯಾರೂ ಊಟ ಹಾಕಲಿಲ್ವಾ ನಿಂಗೆ?"

ಐವತ್ತೇಳು ವರ್ಷದಲ್ಲಿ ಹಿಸಾಯೊಳನ್ನು ಯಾರೂ ಹಾಗೆ ಬೈದಿರಲಿಲ್ಲ. ಅಳಬೇಕೆಂದು ಯೋಜನೆಯಲ್ಲಿ ಬರೆದುಕೊಂಡಿದ್ದ ಜಾಗ ಇದಾಗಿರಲಿಲ್ಲ. ಆದರೂ ಅಳು ಬಂದುಬಿಟ್ಟಿತು.

ಬಂಧುಗಳು ಹತ್ತೆಂಟು ಜನ ಬಂದಿದ್ದರು, ಎಲ್ಲರೂ ಕಪ್ಪು ಸೂಟು, ಕಪ್ಪು ಫ್ರಾಕಿನಲ್ಲಿ. ಅಪ್ಪನ ತಂಗಿ ಮಸು ಅತ್ತೆ, ಅಂಗಡಿ ನೋಡಿಕೊಳ್ಳುವ ಅವಳ ಮಗ, ಉಳಿದವರು ದೂರದವರು. ಪುರೋಹಿತರು ಬಂದಾಗ ಹಿಸಾಯೊ ಕಿಮೊನೊ ಮೇಲಿನ ಕೋಟು ತೆಗೆದು ಮಡಿಸಿಟ್ಟು, ಮಗಳ ಜಾಗವಾದ ಮೊದಲ ಸಾಲಿಗೆ ಹೋಗಿ ಮಂಡಿಯೂರಿದಳು. ಮಂಡಿನೋವಿನ ಚಿಸೆಗೆ ಅವಳ ಹಿಂದೆ ಒಂದು ಗಿಡ್ಡ ಕುರ್ಚಿ ಹಾಕಿದ್ದರು. ಮಂತ್ರ ಶುರುವಾಯಿತು. ಇಡೀ ಕೋಣೆಯಲ್ಲಿ ಮನೆತನದ ಮರ ಹೊತ್ತವಳು ತಾನೊಬ್ಬಳೇ ಎಂಬುದು ಹಿಸಾಯೊಳಿಗೆ ತಿಳಿಯಿತು. ಅವರೆಲ್ಲರ ಕಣ್ಣು ತನ್ನ ಬೆನ್ನ ಮೇಲಿದೆ ಎಂಬುದೂ ಗೊತ್ತಾಯಿತು. ನೋಡಲಿ. ಒಂದು ಗಂಟೆಯ ಕಾಲ ಅವಳು ಬೆನ್ನು ನೆಟ್ಟಗಿಟ್ಟುಕೊಂಡೇ ಕೂತಿದ್ದಳು. ತಾನು ಒಂಟಿ ಎಂಬುದು ಆ ಒಂದು ಗಂಟೆ ಅವಳಿಗೆ ನೆನಪಾಗಲಿಲ್ಲ.

ಊಟದ ಹೊತ್ತಿಗೆ ಮಸು ಅತ್ತೆ ಹತ್ತಿರ ಬಂದು ಕೂತು, ಸಾಕೆ ಮದ್ಯ ಬಗ್ಗಿಸಿದಳು.

"ಎಷ್ಟು ಚೆನ್ನಾಗಿದೆಯಮ್ಮ ಕಶಿವಾ! ಈಗಿನ ಕಾಲದಲ್ಲಿ ಇಂಥ ಕೈಕೆಲಸ ಎಲ್ಲಿ ಸಿಗುತ್ತೆ. ಟೋಕಿಯೋದಲ್ಲೇ ಮಾಡಿಸಿದ್ದಾ?"

"ಹೌದತ್ತೆ."

"ಹಾಗೇ ಅಂದ್ಕೊಂಡೆ. ಅಣ್ಣ ಇದ್ದಿದ್ರೆ ಕಣ್ತುಂಬ ನೋಡ್ತಿದ್ದ."

ಕ್ಯೋಟೋದವರ ಹೊಗಳಿಕೆಯನ್ನು ಎರಡು ಸಲ ತಿರುಗಿಸಿ ನೋಡಬೇಕು ಎಂದು ತೊಕಿಕೊ ಯಾವಾಗಲೂ ನಗುತ್ತಿದ್ದಳು. ಆದರೆ ಅಷ್ಟು ವರ್ಷ ಹೊಗಳಿಕೆಯೇ ಸಿಗದವಳಿಗೆ ತಿರುಗಿಸಿ ನೋಡುವ ಮನಸ್ಸಾದರೂ ಎಲ್ಲಿಂದ ಬರಬೇಕು? ಹಿಸಾಯೊ ತಲೆ ಬಗ್ಗಿಸಿ ಕುಡಿದಳು. ಮಸು ಎದ್ದುಹೋಗಿ ಮಗನ ಕಿವಿಯಲ್ಲಿ ಏನೋ ಹೇಳಿದಳು. ಅವನು ಚಿಸೆಯ ಕಡೆ ನೋಡಿದ. ಚಿಸೆ ಒಂದು ಸಲ ತಲೆಯಾಡಿಸಿದ ಮೇಲೆ ಎದ್ದು ಅಂಗಡಿಯ ಕಡೆ ನಡೆದ.

ನೆಂಟರೆಲ್ಲ ಒಬ್ಬೊಬ್ಬರಾಗಿ ನಯವಾಗಿ ಬಗ್ಗಿ, ಬೀಳ್ಕೊಂಡು ಹೋದರು. ಚಿಸೆ ಹಿಸಾಯೊಳನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಸರಿಸಿದಳು.

"ಪೂಜೆ ನಡೀತಿತ್ತು, ನಡುವೆ ಮಾತಾಡೋದು ಬೇಡ ಅಂತ ಸುಮ್ಮನಿದ್ದೆ," ಎಂದಳು. "ಯಜಮಾನರದ್ದು ಇದೇ ಕೊನೇ ಕರ್ಮ. ಕೂತ್ಕೊಳ್ಳಿ."

ಮರದ ಬೀರುವಿನಿಂದ ಅವಳು ಉದ್ದನೆಯ ಮೂರು ಕಾಗದದ ಪೊಟ್ಟಣ ತೆಗೆದು ಕಟ್ಟು ಬಿಚ್ಚಿದಳು: ತಿಂಗಳ ಕೂಸನ್ನು ದೇವಸ್ಥಾನಕ್ಕೆ ಒಯ್ಯುವಾಗ ಹೊದಿಸಿದ ಕಿಮೊನೊ, ಏಳನೆಯ ವರ್ಷದ್ದು, ಹದಿನೆಂಟರದ್ದು. ಮೂರನ್ನೂ ಬೆನ್ನು ಮೇಲೆ ಮಾಡಿ ಚಾಪೆಯ ಮೇಲೆ ಸಾಲಾಗಿ ಹಾಸಿದಳು. ಮೂರರಲ್ಲೂ ಕಶಿವಾ ಇರಲಿಲ್ಲ. ಎಲೆಗಳ ನಡುವೆ ಒಂದು ಪುಟ್ಟ ಹಣ್ಣಿಟ್ಟ ಕಾಡುಕಿತ್ತಳೆ ಮರದ ಮುದ್ರೆ ಇತ್ತು. "ಇದು ನಮ್ಮಮ್ಮಂದು. ಅವರಿಗೆ ಅವರಮ್ಮನಿಂದ ಬಂತು, ನನ್ನಿಂದ ತೊಕಿಕೊಗೆ ಹೋಯ್ತು. ಈ ಸೀಮೇಲಿ ನಮ್ಮಂಥ ಮನೆ ಹೆಣ್ಮಕ್ಕಳು ಅಪ್ಪನ ಮರ ಹೊರೋದಿಲ್ಲ, ಗಂಡನ ಮರಾನೂ ಹೊರೋದಿಲ್ಲ. ತಾಯಿ ಮರ ಹೊರ್ತಾರೆ. ಇದನ್ನ ಇಲ್ಲಿ ಯಾರೂ ಯಾರಿಗೂ ಹೇಳಿಕೊಡೋದಿಲ್ಲ. ಗೊತ್ತಿಲ್ಲದೋರು ಇದ್ರೆ ತಾನೇ?" ಅಪ್ಪನ ಮುದ್ರೆಯ ಬಗ್ಗೆ ತೊಕಿಕೊ ನೂರು ಸಲ ಗೊಣಗಿದ್ದಳು, ತನ್ನದರ ಬಗ್ಗೆ ಒಂದು ಸಲವೂ ಬಾಯಿಬಿಟ್ಟಿರಲಿಲ್ಲ. ಮೂವತ್ತೆರಡು ವರ್ಷ ಟೋಕಿಯೋದ ಬೆನ್ನುಗಳನ್ನೇ ಒಗೆದ ಹಿಸಾಯೊಳಿಗೆ ಕೇಳಬೇಕೆಂದೂ ಹೊಳೆದಿರಲಿಲ್ಲ. ಅಂಗಡಿಯ ಕಡೆಯಿಂದ ಮಸುವಿನ ಮಗ ಫೋನಿನಲ್ಲಿ ಪೊಲೀಸರಿಗೆ ಬೀದಿಯ ಗುರುತು ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳುತ್ತಿತ್ತು. ಚಿಸೆ ಕೂಸಿನ ಕಿಮೊನೊವನ್ನು ಮಡಿಲಿಗೆ ಎಳೆದುಕೊಂಡು, ಮೊದಲ ಸಲ ಅವಳ ಮುಖವನ್ನು ನೇರವಾಗಿ ದಿಟ್ಟಿಸಿದಳು. "ನೀವು ಯಾರು ಅನ್ನೋದನ್ನ ಆಮೇಲೆ ಹೇಳಿ," ಎಂದಳು. "ನನ್ನ ಮಗಳು ಎಲ್ಲಿ?"